ಅಳೆದು ಬರೆದುಕೊಡುವ ಎ.ಸಿ. ಸೇವೆ: ಡಲ್ಲಾಸಿನ ಒಂದು ವಾರ್ಷಿಕ ನಿರ್ವಹಣಾ ಒಪ್ಪಂದದ ವಿಮರ್ಶೆ

ಟೆಕ್ಸಸ್ ರಾಜ್ಯದ ಡಲ್ಲಾಸ್ ಸುತ್ತಮುತ್ತ ಹೊಸದಾಗಿ ಮನೆ ಕೊಂಡ ಕನ್ನಡಿಗ ಕುಟುಂಬಗಳಲ್ಲಿ ಮೊದಲ ಬೇಸಿಗೆ ಬರುತ್ತಿದ್ದಂತೆ ಏಳುವ ಪ್ರಶ್ನೆಯೊಂದಿದೆ. ಎ.ಸಿ. ಕಂಪನಿಗಳು ಮಾರುವ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಹಣ ಕೊಡಬೇಕೇ, ಅಥವಾ ಕೆಟ್ಟಾಗ ಕರೆಸಿದರೆ ಸಾಕೇ? ಇಂಥ ಒಂದು ಒಪ್ಪಂದವನ್ನು ಕೆಲವು ವರ್ಷಗಳಿಂದ ನವೀಕರಿಸುತ್ತ ಬಂದಿರುವ ನನ್ನ ಉತ್ತರ ಹೀಗಿದೆ: ಬಂದ ತಂತ್ರಜ್ಞರು ಯಂತ್ರವನ್ನು ಅಳೆದು, ಆ ಅಳತೆಗಳನ್ನು ಕಾಗದದ ಮೇಲೆ ಬರೆದುಕೊಟ್ಟು ಹೋಗುವುದಾದರೆ ಹಣ ಕೊಡುವುದು ಖಂಡಿತ ಸರಿ. ಹೊರಗಿನ ಯಂತ್ರಕ್ಕೆ ನೀರು ಹೊಡೆದು, ಫಿಲ್ಟರ್ ಮೇಲೆ ಕಣ್ಣಾಡಿಸಿ, ಎಲ್ಲ ಸರಿಯಾಗಿದೆ ಎಂದು ಹೇಳಿ ಹೊರಡುವುದಾದರೆ ಆ ಕೆಲಸವನ್ನು ಮನೆಯವರೇ ಮಾಡಿಕೊಳ್ಳಬಹುದು. ನಾನು ಪಡೆಯುತ್ತಿರುವ ಸೇವೆ ಮೊದಲನೆಯ ಬಗೆಯದು. ಅದನ್ನು ಕೊಡುತ್ತಿರುವುದು ನಮ್ಮ ಕೌಂಟಿಯೊಳಗೆ ಮಾತ್ರ ಓಡಾಡುವ ಒಂದು ಸಣ್ಣ ಸಂಸ್ಥೆ. ಬೇರೆ ಊರಿನ ಓದುಗರಿಗೆ ಅದರ ಹೆಸರಿಗಿಂತ ಅದರ ಕೆಲಸದ ಕ್ರಮವೇ ಹೆಚ್ಚು ಉಪಯೋಗಕ್ಕೆ ಬರುವುದರಿಂದ ಅದನ್ನೇ ವಿವರಿಸುತ್ತೇನೆ.

ಒಪ್ಪಂದದ ಪ್ರಕಾರ ವರ್ಷಕ್ಕೆ ಎರಡು ಭೇಟಿಗಳು: ಬೇಸಿಗೆಗೆ ಮೊದಲು ತಂಪು ಮಾಡುವ ವ್ಯವಸ್ಥೆಗೆ ಒಂದು, ಚಳಿಗಾಲಕ್ಕೆ ಮೊದಲು ಮನೆಯನ್ನು ಬೆಚ್ಚಗಿಡುವ ಗ್ಯಾಸ್ ಫರ್ನೇಸಿಗೆ ಒಂದು. ಇದಕ್ಕೆ ನಾನು ಕೊಡುತ್ತಿರುವುದು ವರ್ಷಕ್ಕೆ 200 ಡಾಲರಿಗಿಂತ ಸ್ವಲ್ಪ ಕಡಿಮೆ. ರಿಪೇರಿ ಬಂದರೆ ಬಿಡಿಭಾಗಗಳ ಬೆಲೆಯಲ್ಲಿ ರಿಯಾಯಿತಿ ಉಂಟು, ಕರೆ ಮಾಡಿದಾಗ ಒಪ್ಪಂದದವರಿಗೆ ಮೊದಲ ಸರದಿಯೂ ಉಂಟು. ಈ ಊರಿನ ಬಿಸಿಲಿನಲ್ಲಿ ಸರದಿಗೆ ದೊಡ್ಡ ಬೆಲೆಯಿದೆ. 2011ರಲ್ಲಿ ಡಲ್ಲಾಸಿನಲ್ಲಿ 71 ದಿನ ಉಷ್ಣಾಂಶ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್, ಮುಟ್ಟಿತ್ತು ಇಲ್ಲವೇ ದಾಟಿತ್ತು. ಅಂಥ ದಿನಗಳಲ್ಲಿ ಎ.ಸಿ. ನಿಂತ ಮನೆಯಲ್ಲಿ ಮಗುವನ್ನೋ ವಯಸ್ಸಾದವರನ್ನೋ ಇಟ್ಟುಕೊಂಡು ತಂತ್ರಜ್ಞರ ದಾರಿ ಕಾಯುವುದು ಅಪಾಯದ ಮಾತು.

ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಕೋಣೆಗೊಂದು ಸ್ಪ್ಲಿಟ್ ಎ.ಸಿ. ನೋಡಿ ಬಂದವರಿಗೆ ಇಲ್ಲಿಯ ವ್ಯವಸ್ಥೆ ಸ್ವಲ್ಪ ಬೇರೆ. ಹೊರಗೆ ಕಾಂಕ್ರೀಟ್ ಹಾಸಿನ ಮೇಲೆ ಶೀತಕವನ್ನು ಒತ್ತಿ ಸುತ್ತಿಸುವ ಕಂಪ್ರೆಸರ್, ಶಾಖವನ್ನು ಹೊರಬಿಡುವ ಕಂಡೆನ್ಸರ್ ಕಾಯಿಲ್ ಮತ್ತು ದೊಡ್ಡ ಫ್ಯಾನ್ ಇರುವ ಯಂತ್ರ. ಮನೆಯ ಅಟ್ಟದಲ್ಲಿ ಫರ್ನೇಸ್, ಗಾಳಿಯನ್ನು ತಳ್ಳುವ ಬ್ಲೋವರ್, ತಂಪಾಗುವ ಇವ್ಯಾಪರೇಟರ್ ಕಾಯಿಲ್, ಅಲ್ಲಿಂದ ಪ್ರತಿ ಕೋಣೆಗೂ ಹರಡಿಕೊಂಡ ಡಕ್ಟ್‌ಗಳು, ಅಂದರೆ ಗಾಳಿಯ ಕೊಳವೆಗಳು. ಉತ್ತರ ಟೆಕ್ಸಸ್‌ನ ಮನೆಗಳಿಗೆ ಸಾಮಾನ್ಯವಾಗಿ ನೆಲಮಾಳಿಗೆ ಇರುವುದಿಲ್ಲವಾದ್ದರಿಂದ ಒಳಗಿನ ಯಂತ್ರವನ್ನು ಅಟ್ಟದಲ್ಲೇ ಇಡುತ್ತಾರೆ. ಬೇಸಿಗೆಯ ಮಧ್ಯಾಹ್ನ ಆ ಅಟ್ಟದ ಉಷ್ಣಾಂಶ 55 ಡಿಗ್ರಿ ಸೆಲ್ಸಿಯಸ್ಸನ್ನೂ ದಾಟಬಹುದು. ಮನೆಯ ಯಜಮಾನರು ಸಾಮಾನ್ಯವಾಗಿ ಅಲ್ಲಿಗೆ ಹತ್ತುವುದಿಲ್ಲ, ಆದ್ದರಿಂದ ಅಲ್ಲಿ ಏನಾಗುತ್ತಿದೆಯೆಂದು ಅವರಿಗೆ ಗೊತ್ತಾಗುವುದೂ ಇಲ್ಲ. ನಿರ್ವಹಣೆಗೆಂದು ಬಂದವರು ಅಟ್ಟ ಹತ್ತಿದರೋ ಇಲ್ಲವೋ ಎಂಬುದನ್ನು ನಾನು ಮೊದಲು ಗಮನಿಸುತ್ತೇನೆ. ಈ ಸಂಸ್ಥೆಯವರು ಪ್ರತಿ ಸಲವೂ ಹತ್ತಿದ್ದಾರೆ, ಹತ್ತಿದ ಮೇಲೆ ತೆಗೆದ ಫೋಟೋಗಳನ್ನು ವರದಿಯ ಜೊತೆ ಕಳುಹಿಸಿದ್ದಾರೆ.

ವಸಂತದ ಭೇಟಿ ಶುರುವಾಗುವುದು ಎರಡು ಥರ್ಮಾಮೀಟರುಗಳಿಂದ. ಮನೆಯ ಗಾಳಿ ಯಂತ್ರಕ್ಕೆ ಹಿಂದಿರುಗುವ ಕಡೆ ಒಂದು, ತಂಪಾದ ಗಾಳಿ ಹೊರಬೀಳುವ ಕಡೆ ಇನ್ನೊಂದು. ಯಂತ್ರ ಕಾಲು ಗಂಟೆಯಷ್ಟು ಓಡಿದ ಮೇಲೆ ಎರಡರ ನಡುವಿನ ವ್ಯತ್ಯಾಸ ಸುಮಾರು 16ರಿಂದ 22 ಡಿಗ್ರಿ ಫ್ಯಾರನ್‌ಹೀಟಿನೊಳಗೆ ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ತಂಪು ಮಾಡುವ ಶಕ್ತಿ ಕುಗ್ಗಿದೆಯೆಂದು ಅನುಮಾನಿಸಬೇಕು, ತೀರ ಹೆಚ್ಚಿದ್ದರೆ ಕಾಯಿಲ್ ಮೇಲೆ ಸಾಕಷ್ಟು ಗಾಳಿ ಹಾಯುತ್ತಿಲ್ಲವೆಂದು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಈ ವ್ಯತ್ಯಾಸ ತುಸು ಇಳಿಯುತ್ತದೆ, ಆದ್ದರಿಂದ ಆ ದಿನದ ತೇವಾಂಶವನ್ನೂ ಬರೆದುಕೊಳ್ಳುತ್ತಾರೆ. ಒಂದು ವರ್ಷದ ಅಂಕಿಗಿಂತ ವರ್ಷದಿಂದ ವರ್ಷಕ್ಕೆ ಅಂಕಿಗಳು ಹೇಗೆ ಸರಿಯುತ್ತಿವೆ ಎಂಬುದು ಹೆಚ್ಚು ತಿಳಿಸುತ್ತದೆ. ಹಳೆಯ ವರದಿಗಳನ್ನು ಇಟ್ಟುಕೊಂಡವರಿಗೆ ಯಂತ್ರದ ವಯಸ್ಸು ಕಣ್ಣಿಗೆ ಕಾಣುತ್ತದೆ.

ನಂತರ ಹೊರಗಿನ ಯಂತ್ರದ ಪಕ್ಕದ ಡಿಸ್ಕನೆಕ್ಟ್ ಪೆಟ್ಟಿಗೆಯಿಂದ ವಿದ್ಯುತ್ ತೆಗೆದು ಕೆಪಾಸಿಟರ್ ಪರೀಕ್ಷೆ. ಮೋಟರುಗಳು ಶುರುವಾಗಿ ಓಡಲು ನೆರವಾಗುವ, ವಿದ್ಯುತ್ ಚಾರ್ಜನ್ನು ಹಿಡಿದಿಡುವ ಬಿಡಿಭಾಗ ಅದು. ಟೆಕ್ಸಸ್‌ನಲ್ಲಿ ಬೇಸಿಗೆಯ ನಡುವೆ ಎ.ಸಿ. ನಿಲ್ಲುವುದಕ್ಕೆ ಅದು ಕೆಡುವುದು ತೀರ ಸಾಮಾನ್ಯವಾದ ಕಾರಣ. ಕಂಪ್ರೆಸರಿಗೂ ಫ್ಯಾನ್ ಮೋಟರಿಗೂ ಬೇಕಾದ ಎರಡು ಕೆಪಾಸಿಟರುಗಳು ಒಂದೇ ಡಬ್ಬಿಯಲ್ಲಿರುತ್ತವೆ. ನಮ್ಮ ಯಂತ್ರದ ಡಬ್ಬಿಯ ಮೇಲೆ 45 ಮತ್ತು 5 ಮೈಕ್ರೋಫ್ಯಾರಡ್ (ಕೆಪಾಸಿಟರಿನ ಸಾಮರ್ಥ್ಯದ ಅಳತೆ) ಎಂದೂ, ಹೆಚ್ಚು ಕಡಿಮೆ 6 ಪ್ರತಿಶತ ಎಂದೂ ಅಚ್ಚಾಗಿದೆ. ಅಂದರೆ ಕಂಪ್ರೆಸರಿನ ಭಾಗ 42.3ಕ್ಕಿಂತ ಕೆಳಗಿಳಿದರೆ ಅದರ ಕಾಲ ಮುಗಿಯಿತೆಂದು ಲೆಕ್ಕ. ಒಂದು ವರ್ಷ ತಂತ್ರಜ್ಞರು ಡಬ್ಬಿಯ ಚಾರ್ಜನ್ನು ಇಳಿಸಿ, ತಂತಿಗಳನ್ನು ಬಿಡಿಸಿ, ಮೀಟರ್ ಹಿಡಿದಾಗ ಅಂಕಿ 40.8ರಲ್ಲಿ ನಿಂತಿತು. ಡಬ್ಬಿಯ ತಲೆ ಉಬ್ಬಿರಲಿಲ್ಲ, ಎಣ್ಣೆ ಸೋರಿರಲಿಲ್ಲ, ಯಂತ್ರ ಎಂದಿನಂತೆ ಓಡುತ್ತಿತ್ತು. ಬರಿಗಣ್ಣಿಗೆ ಏನೂ ಕಾಣದ ಆ ದೋಷವನ್ನು ಅವರು ಮೀಟರಿನ ಪರದೆ ಮತ್ತು ಡಬ್ಬಿಯ ಚೀಟಿ ಎರಡೂ ಕಾಣುವಂತೆ ಹಿಡಿದು ತೋರಿಸಿ, ನನ್ನ ಒಪ್ಪಿಗೆ ಕೇಳಿ, ಬದಲಿಸಿದರು. ಸೊರಗಿದ ಕೆಪಾಸಿಟರಿನಲ್ಲೇ ಓಡುವ ಕಂಪ್ರೆಸರ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ, ಅದರ ಆಯುಸ್ಸು ಇಳಿಯುತ್ತದೆ. ಕೆಲವು ಹತ್ತು ಡಾಲರಿನ ಬಿಡಿಭಾಗವನ್ನು ಸಕಾಲಕ್ಕೆ ಬದಲಿಸದಿದ್ದರೆ ಸಾವಿರಾರು ಡಾಲರಿನ ಕಂಪ್ರೆಸರಿಗೆ ಪೆಟ್ಟು. ಓದುಗರಲ್ಲಿ ಒಂದು ವಿನಂತಿ: ವಿದ್ಯುತ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಅದನ್ನು ಇಳಿಸುವ ಕ್ರಮ ತಿಳಿಯದವರು ಆ ಮುಚ್ಚಳವನ್ನು ತೆರೆಯಲೇಬಾರದು.

ಹೊರಗಿನ ಯಂತ್ರದ ಅದೇ ಮುಚ್ಚಳದ ಹಿಂದಿರುವ ಕಾಂಟ್ಯಾಕ್ಟರನ್ನೂ ನೋಡುತ್ತಾರೆ. ಥರ್ಮೋಸ್ಟಾಟಿನಿಂದ 24 ವೋಲ್ಟಿನ ಸಂಕೇತ ಬಂದಾಗ ಕಂಪ್ರೆಸರಿಗೆ ವಿದ್ಯುತ್ ಕೂಡಿಸುವ ಸ್ವಿಚ್ ಅದು. ಟೆಕ್ಸಸ್‌ನ ಇರುವೆಗಳಿಗೆ ಈ ಸ್ವಿಚ್ಚಿನ ಸಂದು ಅಚ್ಚುಮೆಚ್ಚು. ಲೋಹದ ಬಿಲ್ಲೆಗಳ ನಡುವೆ ಸಿಕ್ಕಿ ಸತ್ತ ಇರುವೆಗಳು ರಾಶಿಬಿದ್ದು ಸ್ವಿಚ್ ಕೂಡದಂತೆ ಮಾಡುತ್ತವೆ. ನಮ್ಮಲ್ಲೂ ಸಿಕ್ಕಿದ್ದವು. ಊದಿ ತೆಗೆದು, ಬಿಲ್ಲೆಗಳು ಎಷ್ಟು ಸುಟ್ಟಿವೆಯೆಂದು ಫೋಟೋ ತೆಗೆದರು; ಇನ್ನೂ ಬಾಳುತ್ತದೆ ಎಂದು ಹೇಳಿ ಹಾಗೆಯೇ ಬಿಟ್ಟರು. ಬದಲಿಸಿದ್ದರೆ ಹಣ ಬರುತ್ತಿತ್ತು, ಆದರೂ ಬದಲಿಸಲಿಲ್ಲ. ಈ ಸಂಸ್ಥೆಯ ಮೇಲೆ ನನಗೆ ನಂಬಿಕೆ ಬಂದದ್ದು ಹೊಸದಾಗಿ ಹಾಕಿದ ಭಾಗಕ್ಕಿಂತ ಹೀಗೆ ಬಿಟ್ಟುಹೋದ ಭಾಗದಿಂದ.

ನೀರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಸೆಂಟ್ರಲ್ ಎ.ಸಿ. ಇರುವ ಮನೆಗಳಲ್ಲಿ ಚಾವಣಿ ಹಾಳಾಗುವುದು ಇದರಿಂದಲೇ. ತಣ್ಣಗಿನ ಕಾಯಿಲ್ ಮೇಲೆ ಮನೆಯ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಸೆಕೆಯ ದಿನ ಅದು ಹಲವು ಗ್ಯಾಲನ್ ಆಗುತ್ತದೆ. ಆ ನೀರು ಮುಕ್ಕಾಲು ಇಂಚಿನ ಪಿ.ವಿ.ಸಿ. ಪೈಪಿನಲ್ಲಿ ಹರಿದುಹೋಗಬೇಕು. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಈ ಮುಖ್ಯ ಪೈಪನ್ನು ಬಚ್ಚಲುಮನೆಯ ಸಿಂಕಿನ ಕೆಳಗಿನ ಕೊಳವೆಗೆ ಸೇರಿಸಿರುತ್ತಾರೆ. ಧೂಳು ಮತ್ತು ಪಾಚಿ ಸೇರಿ ಲೋಳೆಯಾಗಿ ಪೈಪು ಕಟ್ಟಿಕೊಂಡರೆ ನೀರು ಯಂತ್ರದ ಕೆಳಗಿನ ತಟ್ಟೆಗೆ ತುಂಬಿ, ಅಲ್ಲಿಂದ ಎರಡನೆಯ ಪೈಪಿನ ಮೂಲಕ ಹೊರಗೆ ಬೀಳುತ್ತದೆ. ಆ ಎರಡನೆಯ ಪೈಪಿನ ತುದಿಯನ್ನು ಬೇಕೆಂದೇ ಕಿಟಕಿಯ ಮೇಲೆ, ಮನೆಯವರ ಕಣ್ಣಿಗೆ ಬೀಳುವ ಜಾಗದಲ್ಲಿ ಇಟ್ಟಿರುತ್ತಾರೆ. ಹೊರಗೋಡೆಯ ಕಿಟಕಿಯ ಮೇಲಿಂದ ನೀರು ತೊಟ್ಟಿಕ್ಕುತ್ತಿದ್ದರೆ ಅದು ಮಳೆಯ ನೀರೆಂದು ಸುಮ್ಮನಿರಬೇಡಿ. ಅಟ್ಟದ ತಟ್ಟೆ ತುಂಬಿದೆ ಎಂಬ ಎಚ್ಚರಿಕೆ ಅದು.

ಈ ಸಂಸ್ಥೆಯವರು ಮುಖ್ಯ ಪೈಪನ್ನು ಗಾಳಿಯ ಒತ್ತಡದಿಂದ ಊದಿ ತೆರವು ಮಾಡಿದ ಮೇಲೆ ಅಟ್ಟದಿಂದ ಒಂದು ಬಾಟಲಿ ನೀರು ಸುರಿದು, ಕೆಳಗೆ ಸಿಂಕಿನ ಬಳಿ ನನ್ನನ್ನು ನಿಲ್ಲಿಸಿ, ನೀರು ಹರಿಯುವ ಸದ್ದು ಕೇಳಿಸಿತೇ ಎಂದು ಕೇಳಿದರು. ನಂತರ ತಟ್ಟೆಯಲ್ಲಿ ನೀರು ಏರಿದರೆ ಯಂತ್ರವನ್ನು ನಿಲ್ಲಿಸುವ ಫ್ಲೋಟ್ ಸ್ವಿಚ್ಚನ್ನು ಬೆರಳಿನಿಂದ ಎತ್ತಿ, ಯಂತ್ರ ನಿಲ್ಲುತ್ತದೆಯೇ ಎಂದು ನೋಡಿದರು. ನಿಂತಿತು. ಇದಕ್ಕೆ ಒಂದು ನಿಮಿಷವೂ ಬೇಡ. ಇದನ್ನು ಮಾಡದೆ ಹೋಗುವ ತಂತ್ರಜ್ಞರನ್ನು ಓದುಗರು ಧಾರಾಳವಾಗಿ ತಡೆದು ಕೇಳಬಹುದು. ಮನೆಯವರ ಪಾಲಿಗೆ ಉಳಿಯುವ ಕೆಲಸ ಸಣ್ಣದು: ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಅಟ್ಟದಲ್ಲಿ ಮುಖ್ಯ ಪೈಪಿನ ಮುಚ್ಚಳ ತೆಗೆದು ಒಂದು ಕಪ್ ಬಿಳಿ ವಿನೆಗರ್ ಸುರಿಯುವುದು. ಅದನ್ನೂ ಬೆಳಗಿನ ಹೊತ್ತು, ಅಟ್ಟ ಬಿಸಿಯೇರುವ ಮೊದಲು ಮಾಡಬೇಕು.

ಇನ್ನು ಗ್ಯಾಸಿನ ಮಾತು. ‘ಗ್ಯಾಸ್ ತುಂಬಿಸಿ ಒಂದು ವರ್ಷವಾಯಿತು, ಈ ಸಲವೂ ತುಂಬಿಸಬೇಕು’ ಎಂಬ ನಂಬಿಕೆ ಊರಿನಿಂದ ನಮ್ಮ ಜೊತೆ ಇಲ್ಲಿಗೂ ಬಂದಿದೆ. ಇಲ್ಲಿ ಗ್ಯಾಸ್ ಎಂದರೆ ಎ.ಸಿ.ಯೊಳಗಿನ ಶೀತಕ, ಫರ್ನೇಸಿನ ಉರುವಲಲ್ಲ. ಶೀತಕವೆಂಬುದು ಪೆಟ್ರೋಲಿನಂತೆ ಖರ್ಚಾಗುವ ಇಂಧನವಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ಮತ್ತೆ ಮತ್ತೆ ಸುತ್ತುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆಯೆಂದೇ ಅರ್ಥ, ಸೋರಿಕೆ ಹುಡುಕದೆ ತುಂಬಿಸಿದ ಗ್ಯಾಸ್ ಮತ್ತೆ ಹೊರಗೇ ಹೋಗುತ್ತದೆ. ಇದಕ್ಕೂ ಮೊದಲು ನಮ್ಮಲ್ಲಿಗೆ ಬಂದಿದ್ದ ಬೇರೊಂದು ಸಂಸ್ಥೆಯ ತಂತ್ರಜ್ಞರು ಒತ್ತಡ ಅಳೆಯುವ ಗೇಜ್ ಜೋಡಿಸುವ ಮೊದಲೇ ಗ್ಯಾಸ್ ಕಡಿಮೆಯಿದೆ ಎಂದಿದ್ದರು. ಅದೇ ಉಸಿರಿನಲ್ಲಿ ಇಡೀ ವ್ಯವಸ್ಥೆಯನ್ನು ಬದಲಿಸುವ ಅಂದಾಜು ಪಟ್ಟಿಯನ್ನೂ ಕೈಗಿತ್ತಿದ್ದರು. ಈಗಿನವರು ಮೊದಲ ಭೇಟಿಯಲ್ಲಿ ಗೇಜ್ ಜೋಡಿಸಿ, ದ್ರವದ ಕೊಳವೆಯ ಉಷ್ಣಾಂಶವನ್ನು ಅಳೆದು, ಸಬ್‌ಕೂಲಿಂಗ್, ಅಂದರೆ ದ್ರವವಾದ ಮೇಲೆ ಶೀತಕ ಇನ್ನೂ ಎಷ್ಟು ಡಿಗ್ರಿ ತಣಿದಿದೆ, ಎಂದು ಲೆಕ್ಕ ಹಾಕಿದರು. ನಮ್ಮ ಯಂತ್ರದ ತಗಡಿನ ಚೀಟಿಯಲ್ಲಿ ಅದು 10 ಡಿಗ್ರಿ ಫ್ಯಾರನ್‌ಹೀಟ್ ಇರಬೇಕೆಂದಿದೆ, ಸಿಕ್ಕಿದ್ದು 9. ಒಂದು ಔನ್ಸ್ ಗ್ಯಾಸನ್ನೂ ಸೇರಿಸಲಿಲ್ಲ. ಮುಂದಿನ ಭೇಟಿಗಳಲ್ಲಿ ಉಷ್ಣಾಂಶದ ವ್ಯತ್ಯಾಸ ಸರಿಯಾಗಿದ್ದುದರಿಂದ ಗೇಜ್ ಜೋಡಿಸುವುದೇ ಬೇಡ, ಜೋಡಿಸಿದಾಗಲೆಲ್ಲ ತುಸು ಗ್ಯಾಸ್ ಪೋಲಾಗುತ್ತದೆ ಎಂದರು. ಅದು ಸರಿಯಾದ ವಿವೇಚನೆ.

ಗ್ಯಾಸಿನ ಹೆಸರು ಹೇಳಿ ಹೆದರಿಸುವುದು ಈಗ ಇನ್ನೂ ಸುಲಭವಾಗಿರುವುದರಿಂದ ಒಂದೆರಡು ಸಂಗತಿಗಳನ್ನು ಸ್ಪಷ್ಟವಾಗಿ ತಿಳಿದುಕೊಂಡಿರಬೇಕು. ಅಮೆರಿಕದಲ್ಲಿ ಆರ್-22 ಶೀತಕದ ತಯಾರಿಕೆ ಮತ್ತು ಆಮದು 2020ರ ಜನವರಿ 1ರಿಂದ ನಿಂತಿವೆ. ಆ ಹಳೆಯ ಯಂತ್ರಗಳಿಗೆ ಮರುಬಳಕೆಯ ಮತ್ತು ದಾಸ್ತಾನಿನ ಗ್ಯಾಸ್ ಮಾತ್ರ ಸಿಗುತ್ತದೆ, ಬೆಲೆಯೂ ಹೆಚ್ಚು. ಅದರ ಜಾಗಕ್ಕೆ ಬಂದ ಆರ್-410ಎ ಬಳಸುವ ಹೊಸ ಗೃಹ ಎ.ಸಿ.ಗಳ ತಯಾರಿಕೆ 2025ರ ಜನವರಿ 1ರಿಂದ ನಿಂತಿದ್ದು, ಹೊಸ ಯಂತ್ರಗಳು ಆರ್-454ಬಿ ಅಥವಾ ಆರ್-32 ಶೀತಕದೊಂದಿಗೆ ಬರುತ್ತಿವೆ. ಭೂಮಿಯನ್ನು ಬಿಸಿ ಮಾಡುವ ಗುಣ ಇವುಗಳಲ್ಲಿ ಬಹಳ ಕಡಿಮೆ: ಆರ್-410ಎಯ ಸೂಚ್ಯಂಕ 2088 ಇದ್ದರೆ ಆರ್-32ರದ್ದು 675, ಆರ್-454ಬಿಯದ್ದು 466. ಆದರೆ ಮನೆಯಲ್ಲಿ ಈಗಾಗಲೇ ಇರುವ ಆರ್-410ಎ ಯಂತ್ರವನ್ನು ಇಟ್ಟುಕೊಳ್ಳುವುದಕ್ಕೂ ರಿಪೇರಿ ಮಾಡಿಸುವುದಕ್ಕೂ ಯಾವ ಅಡ್ಡಿಯೂ ಇಲ್ಲ. ಕಾನೂನು ಬದಲಾಯಿತು, ಆದ್ದರಿಂದ ಯಂತ್ರ ಬದಲಿಸಿ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಒಪ್ಪಬೇಕಾಗಿಲ್ಲ. ನಮ್ಮ ತಂತ್ರಜ್ಞರು ಇದನ್ನು ಕೇಳದೆಯೇ ವಿವರಿಸಿ ಹೇಳಿದರು.

ಫಿಲ್ಟರ್ ವಿಷಯದಲ್ಲಿ ಕನ್ನಡಿಗರ ಅಡುಗೆಮನೆಗೆ ಪ್ರತ್ಯೇಕವಾದ ಒಂದು ಮಾತಿದೆ. ಇಲ್ಲಿಯ ಎಷ್ಟೋ ಮನೆಗಳಲ್ಲಿ ಒಲೆಯ ಮೇಲಿನ ಫ್ಯಾನ್ ಹೊಗೆಯನ್ನು ಹೊರಗೆ ಕಳುಹಿಸುವುದಿಲ್ಲ, ಸೋಸಿ ಮತ್ತೆ ಅಡುಗೆಮನೆಗೇ ಬಿಡುತ್ತದೆ. ದಿನವೂ ಒಗ್ಗರಣೆ, ವಾರಕ್ಕೊಮ್ಮೆ ಬೋಂಡಾ, ಪೂರಿ ಕರಿಯುವ ಮನೆಯಲ್ಲಿ ಆ ಎಣ್ಣೆಯ ಆವಿ ಮನೆಯ ಗಾಳಿಯನ್ನು ಯಂತ್ರಕ್ಕೆ ಹಿಂದಕ್ಕೆಳೆಯುವ ಹತ್ತಿರದ ರಿಟರ್ನ್ ಜಾಲರಿಯ ಮೂಲಕ ನೇರವಾಗಿ ಫಿಲ್ಟರಿಗೆ ಹೋಗುತ್ತದೆ. ನಮ್ಮ ಫಿಲ್ಟರನ್ನು ಹೊರತೆಗೆದಾಗ ಅದು ಬೂದು ಬಣ್ಣದ ಒಣ ಧೂಳಿನ ಬದಲು ಹಳದಿಗೆ ತಿರುಗಿ ಬೆರಳಿಗೆ ಅಂಟುತ್ತಿತ್ತು. ಇಂಥ ಫಿಲ್ಟರ್ ಗಾಳಿಯನ್ನು ತಡೆದರೆ ಕಾಯಿಲ್ ಮೇಲೆ ಮಂಜು ಕಟ್ಟುತ್ತದೆ. ಫಿಲ್ಟರಿನ ಅಂಚಿನ ಸಂದಿನಿಂದ ನುಸುಳಿದ ಜಿಡ್ಡು ಕಾಯಿಲ್‌ಗೆ ಅಂಟಿದರೆ ಅದನ್ನು ತೊಳೆಸುವ ಖರ್ಚು ಹತ್ತಾರು ಫಿಲ್ಟರುಗಳ ಬೆಲೆಯನ್ನು ಮೀರುತ್ತದೆ. ಡಬ್ಬದ ಮೇಲೆ ಮೂರು ತಿಂಗಳು ಎಂದು ಬರೆದಿದ್ದರೂ ಒಂದು ಇಂಚಿನ ಫಿಲ್ಟರನ್ನು ತಿಂಗಳಿಗೊಮ್ಮೆ ಬದಲಿಸಿ ಎಂದರು. ಹೆಚ್ಚು ಸೋಸಲೆಂದು ಮರ್ವ್ (ಫಿಲ್ಟರ್ ಎಷ್ಟು ಸೂಕ್ಷ್ಮವಾಗಿ ಸೋಸುತ್ತದೆಂಬ ಅಂಕ) 13ರ ದಟ್ಟವಾದ ಫಿಲ್ಟರನ್ನು ಒಂದು ಇಂಚಿನ ಚೌಕಟ್ಟಿಗೆ ಹಾಕುವುದಕ್ಕಿಂತ ಮರ್ವ್ 8 ಸಾಕು; ಅಲರ್ಜಿಯ ಕಾರಣಕ್ಕೆ ಹೆಚ್ಚು ಬೇಕೇಬೇಕೆಂದರೆ ನಾಲ್ಕು ಇಂಚು ದಪ್ಪದ ಫಿಲ್ಟರ್ ಕೂರುವ ಪೆಟ್ಟಿಗೆಯನ್ನೇ ಮಾಡಿಸಬೇಕು ಎಂಬುದು ಅವರ ಸಲಹೆ. ನನಗೂ ಅದೇ ಸರಿಯೆನ್ನಿಸುತ್ತದೆ.

ಊರಿನಿಂದ ಅಪ್ಪ ಅಮ್ಮ ಬಂದಾಗ ಇನ್ನೊಂದು ತೊಂದರೆ ಕಾಣಿಸಿಕೊಳ್ಳುತ್ತದೆ. ತಲೆಯ ಮೇಲೆ ತಣ್ಣನೆಯ ಗಾಳಿ ಬೀಳುವುದು ಅವರಿಗೆ ಒಗ್ಗದು. ಮೊದಲು ಅವರ ಕೋಣೆಗೆ ತಂಪು ಗಾಳಿ ಬಿಡುವ ವೆಂಟ್ ಮುಚ್ಚುತ್ತೇವೆ, ಆಮೇಲೆ ನಡುಮನೆಯದು, ಆಮೇಲೆ ದೇವರ ಕೋಣೆಯದು. ಒಂದು ವೆಂಟ್ ಮುಚ್ಚಿದರೆ ಚಿಂತೆಯಿಲ್ಲ. ಹಲವನ್ನು ಮುಚ್ಚಿದರೆ ಡಕ್ಟ್ ಒಳಗೆ ಒತ್ತಡ ಏರಿ ಕಾಯಿಲ್ ಮೇಲೆ ಹಾಯುವ ಗಾಳಿ ಕಡಿಮೆಯಾಗುತ್ತದೆ. ವೆಂಟ್ ಮುಚ್ಚುವ ಬದಲು ಗಾಳಿಯ ದಿಕ್ಕು ತಿರುಗಿಸುವ ಪ್ಲಾಸ್ಟಿಕ್ ಪಟ್ಟಿ ಹಾಕಿ, ಥರ್ಮೋಸ್ಟಾಟನ್ನು 78 ಡಿಗ್ರಿ ಫ್ಯಾರನ್‌ಹೀಟಿಗೆ ಏರಿಸುವುದು ಹಿರಿಯರಿಗೂ ಹಿತ, ಯಂತ್ರಕ್ಕೂ ಕ್ಷೇಮ. ಫ್ಯಾನನ್ನು ಸದಾ ಓಡುವ ‘ಆನ್’ ಸ್ಥಿತಿಯಲ್ಲಿಡದೆ ‘ಆಟೋ’ದಲ್ಲೇ ಇಡಬೇಕು, ಇಲ್ಲದಿದ್ದರೆ ಕಂಪ್ರೆಸರ್ ನಿಂತ ಮೇಲೂ ಬೀಸುವ ಗಾಳಿ ಕಾಯಿಲ್ ಮೇಲಿನ ನೀರನ್ನು ಮತ್ತೆ ಮನೆಯೊಳಕ್ಕೆ ಹೊತ್ತು ತರುತ್ತದೆ.

ಸಂಸ್ಥೆಯ ದೂರವಾಣಿ ಸೇವೆಯೂ ಮೆಚ್ಚತಕ್ಕದ್ದು. ಎ.ಸಿ. ತಂಪು ಮಾಡುತ್ತಿಲ್ಲವೆಂದು ಕರೆ ಮಾಡಿದರೆ ಕೂಡಲೇ ಭೇಟಿಯ ಶುಲ್ಕ ಹೇಳದೆ ಮೊದಲು ಕ್ರಮವಾಗಿ ವಿಚಾರಿಸುತ್ತಾರೆ. ಥರ್ಮೋಸ್ಟಾಟಿನ ಪರದೆ ಬೆಳಗುತ್ತಿದೆಯೇ? ಬೆಳಗದಿದ್ದರೆ ಅದರ ಬ್ಯಾಟರಿ ಮುಗಿದಿರಬಹುದು, ಅಟ್ಟದ ತಟ್ಟೆ ತುಂಬಿ ಫ್ಲೋಟ್ ಸ್ವಿಚ್ ವಿದ್ಯುತ್ ತಡೆದಿರಬಹುದು, ಇಲ್ಲವೇ ಫರ್ನೇಸಿನ ಕಂಟ್ರೋಲ್ ಬೋರ್ಡಿನ ಫ್ಯೂಸ್ ಸುಟ್ಟಿರಬಹುದು. ಅದು ಕಾರಿನಲ್ಲಿ ಬಳಸುವಂಥ ಸಣ್ಣ ಫ್ಯೂಸೇ. ಬ್ರೇಕರ್ ಬಿದ್ದಿದೆಯೇ? ಬಿದ್ದಿದ್ದರೆ ಒಮ್ಮೆ ಮಾತ್ರ ಎತ್ತಿ ನೋಡಿ, ಮತ್ತೆ ಬಿದ್ದರೆ ಮುಟ್ಟಬೇಡಿ. ಹೊರಗಿನ ಯಂತ್ರ ಗುಂಯ್‌ಗುಡುತ್ತಿದ್ದು ಫ್ಯಾನ್ ತಿರುಗುತ್ತಿಲ್ಲವೇ? ಹಾಗಿದ್ದರೆ ಕೂಡಲೇ ಆರಿಸಿ, ಅದು ಕೆಪಾಸಿಟರ್ ಇರಬಹುದು. ಹೊರಗಿನ ದಪ್ಪ ಕೊಳವೆಯ ಮೇಲೆ ಮಂಜುಗಡ್ಡೆ ಕಟ್ಟಿದೆಯೇ? ಕಟ್ಟಿದ್ದರೆ ಕೂಲಿಂಗ್ ಆರಿಸಿ ಫ್ಯಾನ್ ಒಂದನ್ನೇ ಕೆಲವು ಗಂಟೆ ಓಡಿಸಿ; ಗಡ್ಡೆ ಕರಗುವವರೆಗೆ ತಂತ್ರಜ್ಞರು ಬಂದರೂ ಏನನ್ನೂ ಅಳೆಯಲಾಗುವುದಿಲ್ಲ. ಈ ಪ್ರಶ್ನೆಗಳಿಗೆ ಉತ್ತರಿಸುವಷ್ಟರಲ್ಲಿ ಕೆಲವೊಮ್ಮೆ ಭೇಟಿಯೇ ಬೇಕಾಗುವುದಿಲ್ಲ. ಪರಿಚಯದ ಒಬ್ಬರ ಮನೆಯಲ್ಲಿ ಹೀಗೆ ಬ್ಯಾಟರಿ ಬದಲಿಸುವಷ್ಟಕ್ಕೇ ಕೆಲಸ ಮುಗಿಯಿತು.

ಕೊರತೆಗಳನ್ನೂ ಹೇಳಬೇಕು. ಮುಖ್ಯವಾದದ್ದು ಡಕ್ಟ್‌ಗಳ ವಿಷಯ. ಸಾಮಾನ್ಯ ಮನೆಯೊಂದರಲ್ಲಿ ಡಕ್ಟ್‌ಗಳೊಳಗೆ ಹರಿಯುವ ಗಾಳಿಯ 20ರಿಂದ 30 ಪ್ರತಿಶತ ಸೋರಿಕೆ ಮತ್ತು ಬಿಗಿಯಿಲ್ಲದ ಜೋಡಣೆಗಳಿಂದ ಪೋಲಾಗುತ್ತದೆಂದು ಇಂಧನ ಉಳಿತಾಯಕ್ಕಾಗಿ ಇರುವ ಅಮೆರಿಕದ ಎನರ್ಜಿ ಸ್ಟಾರ್ ಕಾರ್ಯಕ್ರಮ ಹೇಳುತ್ತದೆ. 55 ಡಿಗ್ರಿಯ ಅಟ್ಟದಲ್ಲಿ ತಂಪು ಗಾಳಿ ಸೋರುವುದೆಂದರೆ ಕೊಟ್ಟ ಹಣ ಅಟ್ಟದಲ್ಲೇ ಕರಗಿದಂತೆ. ಆದರೂ ಸೋರಿಕೆಯ ಪರೀಕ್ಷೆಯಾಗಲಿ, ಡಕ್ಟ್ ಒಳಗಿನ ಗಾಳಿಯ ಒತ್ತಡ ಅಳೆಯುವುದಾಗಲಿ ಈ ಒಪ್ಪಂದದಲ್ಲಿಲ್ಲ. ಬೇಕೆಂದರೆ ಬೇರೆ ಶುಲ್ಕ. ಒತ್ತಡ ಅಳೆಯುವುದಕ್ಕೆ ಎರಡು ಸಣ್ಣ ರಂಧ್ರ ಮತ್ತು ಒಂದು ಮಾಪಕ ಸಾಕು. ಉಳಿದೆಲ್ಲವನ್ನೂ ಇಷ್ಟು ಶ್ರದ್ಧೆಯಿಂದ ಅಳೆಯುವವರು ಇದನ್ನು ಹೊರಗಿಟ್ಟಿರುವುದು ನನಗೆ ಸರಿಕಾಣುವುದಿಲ್ಲ. ಇನ್ನೊಂದು, ಭೇಟಿಯ ಕೊನೆಗೆ ಬರುವ ಹೆಚ್ಚುವರಿ ಸೇವೆಗಳ ಪಟ್ಟಿ. ಅದರಲ್ಲಿ ನೇರಳಾತೀತ ದೀಪವಿದೆ, ಡಕ್ಟ್ ಶುಚಿಗೊಳಿಸುವಿಕೆಯಿದೆ. ಡಕ್ಟ್‌ಗಳನ್ನು ನಿಯಮಿತವಾಗಿ ಶುಚಿಗೊಳಿಸಬೇಕೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವುದಿಲ್ಲ. ಬೂಸ್ಟು, ಇಲಿಯ ಕಾಟ ಅಥವಾ ವಿಪರೀತ ಧೂಳು ಕಂಡಾಗ ಮಾತ್ರ ಮಾಡಿಸಿದರೆ ಸಾಕು ಎನ್ನುತ್ತದೆ. ಬೇಡವೆಂದಾಗ ಅವರು ಒತ್ತಾಯಿಸಲಿಲ್ಲ ಎಂಬುದನ್ನೂ ದಾಖಲಿಸುತ್ತೇನೆ.

ಚಳಿಗಾಲದ ಭೇಟಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಜ್ವಾಲೆ ಹೊತ್ತಿದೆಯೇ ಎಂದು ಗುರುತಿಸುವ ಫ್ಲೇಮ್ ಸೆನ್ಸರ್ ಉಜ್ಜಿ, ಬರ್ನರಿನ ಜ್ವಾಲೆ ನೋಡಿ, ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಅಳೆಯುತ್ತಾರೆ. ಆ ಕೊನೆಯ ಅಳತೆಯೊಂದಕ್ಕಾಗಿಯಾದರೂ ಗ್ಯಾಸ್ ಫರ್ನೇಸ್ ಇರುವವರು ಈ ಭೇಟಿಯನ್ನು ಬಿಡಬಾರದು.

ಟೆಕ್ಸಸ್‌ನಲ್ಲಿ ಯಾವ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಳ್ಳುವುದಿದ್ದರೂ ಮೊದಲು ಅವರ ಪರವಾನಗಿಯ ಸಂಖ್ಯೆಯನ್ನು ನೋಡಿಕೊಳ್ಳಬೇಕು. ಇಲ್ಲಿ ಎ.ಸಿ. ಗುತ್ತಿಗೆದಾರರಿಗೆ ರಾಜ್ಯದ ಪರವಾನಗಿ ಮತ್ತು ನಿಯಂತ್ರಣ ಇಲಾಖೆಯ ಅನುಮತಿ ಕಡ್ಡಾಯ. ಆ ಸಂಖ್ಯೆಯನ್ನು ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಶೀತಕ ಮುಟ್ಟುವ ತಂತ್ರಜ್ಞರಿಗೆ ಕೇಂದ್ರದ ಕ್ಲೀನ್ ಏರ್ ಆಕ್ಟ್ ಕಾನೂನಿನ 608ನೆಯ ವಿಭಾಗದ ಪ್ರಮಾಣಪತ್ರವಿರಬೇಕು. ಅದಾದ ಮೇಲೆ ಅವರು ಬೇರೆ ಗ್ರಾಹಕರಿಗೆ ಕೊಟ್ಟ ಒಂದು ವರದಿಯ ಮಾದರಿಯನ್ನು, ಹೆಸರು ವಿಳಾಸ ಅಳಿಸಿ, ತೋರಿಸಲು ಕೇಳಿ. ಅದರಲ್ಲಿ ಬರೀ ಟಿಕ್ ಗುರುತುಗಳಿವೆಯೋ, ಡಿಗ್ರಿ, ಆಂಪಿಯರ್, ಮೈಕ್ರೋಫ್ಯಾರಡ್ ಎಂಬ ಅಳತೆಗಳಿವೆಯೋ ನೋಡಿದರೆ ಉಳಿದದ್ದು ತಿಳಿಯುತ್ತದೆ.

ಯಂತ್ರಕ್ಕೆ ಐದಾರು ವರ್ಷ ದಾಟಿದವರಿಗೆ, ಅಟ್ಟ ಹತ್ತಲಾಗದವರಿಗೆ ಮತ್ತು ಹಿರಿಯರೋ ಎಳೆಯ ಮಕ್ಕಳೋ ಇರುವ ಮನೆಯವರಿಗೆ ಈ ಬಗೆಯ ಒಪ್ಪಂದವನ್ನು ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಹೊಸ ಮನೆಯಲ್ಲಿ ಹೊಸ ಯಂತ್ರವಿರುವವರು ಮಾಡಿಕೊಳ್ಳದಿದ್ದರೂ ನಡೆಯುತ್ತದೆ. ಆದರೆ ತಯಾರಕರ ವಾರಂಟಿ ಪತ್ರದಲ್ಲಿ ವಾರ್ಷಿಕ ನಿರ್ವಹಣೆಯ ದಾಖಲೆ ಕೇಳಿದ್ದಾರೆಯೇ ಎಂದು ಓದಿ ನೋಡುವುದು ಒಳ್ಳೆಯದು. ವಸಂತದ ಭೇಟಿಯನ್ನು ಮಾರ್ಚ್ ತಿಂಗಳಲ್ಲೇ ಗೊತ್ತುಮಾಡಿಕೊಳ್ಳಿ. ಮೇ ತಿಂಗಳು ಬಂತೆಂದರೆ ಇದೇ ಸಂಸ್ಥೆಯಲ್ಲೂ ನಿರ್ವಹಣೆಯ ಭೇಟಿಗೆ ವಾರಗಟ್ಟಲೆ ಕಾಯಬೇಕಾಗುತ್ತದೆ.